ಮಣ್ಣು ಕುಡಿದ ಬಿಯರ್

ಐನಾಪುರದ ದುಂಡೇಶ ತನ್ನ ಮೂವತ್ತೊಂಬತ್ತು ವರ್ಷದ ಆಯುಷ್ಯದಲ್ಲಿ ಕುಡಿದದ್ದು ಒಂದೇ ಒಂದು ಬಾಟಲಿ ಬಿಯರು. ಇದು ಅವನೇ ಹೇಳುವ ಲೆಕ್ಕ. ಆ ಒಂದು ಬಾಟಲಿಗೆ ಅವನು ಊರಿನ ತಾಲೀಮನ್ನು, ಎಂದರೆ ಗರಡಿಮನೆಯನ್ನು, ಕಳೆದುಕೊಂಡ. ಅಲ್ಲಿಯ ಕೆಂಪು ಮಣ್ಣನ್ನು, ತನ್ನ ಗುರು ವಸ್ತಾದ ಲಗಮಣ್ಣನ ಮಾತನ್ನು, ಭಾನುವಾರಕ್ಕೆ ಗೊತ್ತಾಗಿದ್ದ ಒಂದು ಕುಸ್ತಿಯನ್ನು ಕಳೆದುಕೊಂಡ. ಹನ್ನೆರಡು ವರ್ಷದ ಮೇಲೆ ಅವನನ್ನು ಕರೆದು ಕೆಲಸ ಕೊಟ್ಟದ್ದೂ ಒಂದು ಬಿಯರ್ ಕಂಪನಿಯೇ. ಇದರಲ್ಲಿ ನಗುವಂಥದ್ದು ಏನಿದೆ ಎಂದು ದುಂಡೇಶ ಕೇಳುತ್ತಾನೆ. ಅವನ ಎದುರಿಗೆ ಯಾರೂ ನಗುವುದಿಲ್ಲ, ಅವನ ಕುತ್ತಿಗೆ ಇನ್ನೂ ದಪ್ಪಗಿದೆ.

ಆಗ ಅವನಿಗೆ ಇಪ್ಪತ್ತೇಳು. ಕಾಗವಾಡದಿಂದ ರಾಯಬಾಗದವರೆಗೆ ಅವನ ಜೋಡಿಗೆ ನಿಲ್ಲುವ ಪೈಲ್ವಾನರು ನಾಲ್ಕೈದು ಮಂದಿಗಿಂತ ಹೆಚ್ಚಿರಲಿಲ್ಲ. ಭಾನುವಾರ ಉಗಾರ ಬುದ್ರುಕದಲ್ಲಿ ಕುಸ್ತಿ ಇತ್ತು. ಶುಕ್ರವಾರ ಮಿರಜದಲ್ಲಿ ಗೆಳೆಯನ ಮದುವೆ. ಊಟ ಮುಗಿಸಿ ನಾಲ್ಕು ಜನ ಲಾಡ್ಜಿನ ಮಾಳಿಗೆ ಹತ್ತಿದರು. ಶನಿವಾರ ಬೆಳಿಗ್ಗೆ ಅವನು ಲಂಗೋಟಿ ಬಿಗಿದು ಅಖಾಡಕ್ಕೆ ಇಳಿಯುವಾಗ, ಕಟ್ಟೆಯ ಮೇಲೆ ಕುಳಿತಿದ್ದ ಲಗಮಣ್ಣ ಕೇಳಿದ.

“ಕುಡದಿಯೇನ್ಲೇ?”

“ಇಲ್ರಿ ವಸ್ತಾದರ. ಲಿಂಬು ಸೋಡಾ ಕುಡದಿದ್ದೆ.”

ಲಗಮಣ್ಣ ಅವನನ್ನು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನೋಡಿದ. ಲಗಮಣ್ಣ ಬೀಡಿ ಸೇದುವುದಿಲ್ಲ, ಬರೀ ನೋಡಿದ. ಆಮೇಲೆ, “ಕಾಲಮರಿ ಮೆಟ್ಕೋ” ಎಂದ.

ಕಾಲಮರಿ ಎಂದರೆ ಚಪ್ಪಲಿ. ಆ ತಾಲೀಮಿನಲ್ಲಿ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರಬೇಕು. ಅದು ಶಾಸಕರಿಗೂ ಅಷ್ಟೇ, ಫೌಜುದಾರರಿಗೂ ಅಷ್ಟೇ. ಚಪ್ಪಲಿ ಮೆಟ್ಟು ಎಂದು ವಸ್ತಾದ ಹೇಳಿದರೆ ನೀನು ಇನ್ನು ಹೊರಗಿನವನು ಎಂದು ಅರ್ಥ. ಅದಕ್ಕೆ ಅರ್ಜಿ ಇಲ್ಲ, ಅಪೀಲು ಇಲ್ಲ. ದುಂಡೇಶ ಲಂಗೋಟಿಯ ಮೇಲೆ ಪ್ಯಾಂಟು ಏರಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ಅಂದಿನಿಂದ ಲಗಮಣ್ಣ ಅವನ ಜೊತೆ ಮಾತಾಡಲಿಲ್ಲ. ಸಂತೆಯಲ್ಲಿ ಎದುರಾದರೆ ಅವನ ಹಿಂದಿನ ಗೋಡೆಯನ್ನು ನೋಡುತ್ತಿದ್ದ.

ದುಂಡೇಶನ ಮನೆಯವರು ದ್ರಾಕ್ಷಿ ಮತ್ತು ಕಬ್ಬಿನ ಹೊಲ ಉಳ್ಳವರು, ಉಣ್ಣುವುದಕ್ಕೆ ಕಡಿಮೆ ಇರಲಿಲ್ಲ. ಹೊಲ ನೋಡಿಕೊಳ್ಳುತ್ತಿದ್ದವನು ಅಣ್ಣ. ದುಂಡೇಶ ಒಣದ್ರಾಕ್ಷಿಯ ಶೆಡ್ಡಿನಲ್ಲಿ ನಿಂತ, ಉಗಾರದ ಜಿಮ್ಮಿನಲ್ಲಿ ಹುಡುಗರಿಗೆ ದಂಡ ಹೊಡೆಯುವುದನ್ನು ಕಲಿಸಿದ, ದ್ರೌಪದಿಯನ್ನು ಮದುವೆಯಾದ. ಎಲ್ಲವೂ ಒಂದು ರೀತಿ ಸರಿಯೇ ಇತ್ತು. ಆದರೆ ಪ್ರತಿ ವರ್ಷ ಸೀಗಿಹುಣ್ಣಿಮೆ ಮುಗಿದ ಮೇಲಿನ ಭಾನುವಾರ ಬಂದಾಗ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಆ ಭಾನುವಾರ ತಾಲೀಮಿನಲ್ಲಿ ಮಣ್ಣು ಕೂಡಿಸುತ್ತಾರೆ. ಹಳೆಯ ಮಣ್ಣನ್ನು ಅಗೆದು, ಹೊಸ ಕೆಮ್ಮಣ್ಣು ಹಾಕಿ, ಮಜ್ಜಿಗೆ, ಎಳ್ಳೆಣ್ಣೆ, ಲಿಂಬೆರಸ, ಅರಿಶಿಣ ಸುರಿದು ತಿರುವುತ್ತಾರೆ. ಅಲ್ಲಿ ಎಂದಾದರೂ ಕುಸ್ತಿ ಕಲಿತವರೆಲ್ಲ ಬಂದು ತಲೆಗೊಂದು ಸಲಿಕೆ ಮಣ್ಣು ತಿರುವಬೇಕು. ಮುದುಕರು ಬರುತ್ತಾರೆ, ಮಂಡಿ ಹೋದವರು ಬರುತ್ತಾರೆ, ಕೊಲ್ಲಾಪುರದಲ್ಲಿ ನೌಕರಿ ಮಾಡುವವರು ಬಸ್ಸು ಹಿಡಿದು ಬರುತ್ತಾರೆ. ದುಂಡೇಶ ಎದುರಿನ ಚಹಾದಂಗಡಿಯಲ್ಲಿ ನಿಂತು ಹನ್ನೆರಡು ವರ್ಷ ಇದನ್ನು ನೋಡಿದ. ಲಗಮಣ್ಣನಿಗೆ ಈಗ ಎಂಬತ್ತೆರಡು. ಈ ಮುದುಕ ಕಣ್ಣು ಮುಚ್ಚುವುದರೊಳಗೆ ಆ ಒಂದು ಸಲಿಕೆ ಮಣ್ಣು ತಿರುವಬೇಕು, ಅದೂ ಅವನೇ ಬಾಯಿಬಿಟ್ಟು ಕರೆದ ಮೇಲೆ ತಿರುವಬೇಕು. ದುಂಡೇಶನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅಷ್ಟೇ. ಇದನ್ನು ಅವನು ದ್ರೌಪದಿಗೆ ಮಾತ್ರ ಹೇಳಿದ್ದ.

“ಹೋಗಿ ಕಾಲ ಹಿಡೀರಿ” ಎಂದಿದ್ದಳು ಅವಳು.

“ಕಾಲ ಹಿಡೀಬೇಕಂದ್ರ ಒಳಗ ಹೋಗ್ಬೇಕಲ್ಲ.”

ಹೀಗಿರುವಾಗ ಬೆಳಗಾವಿಯ ಒಂದು ಹೋಟೆಲಿನಲ್ಲಿ ಆ ಬಿಯರ್ ಕಂಪನಿಯ ಸಂದರ್ಶನ ನಡೆಯಿತು. ಸಂದರ್ಶನ ಮಾಡಿದವಳು ಮನೀಷಾ, ಮೂವತ್ತರ ಆಸುಪಾಸಿನ ಏರಿಯಾ ಮ್ಯಾನೇಜರು. ನಿಪ್ಪಾಣಿಯ ಹುಡುಗಿ, ಪುಣೆಯಲ್ಲಿ ಓದಿದವಳು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುವವಳು. ಬಿಯರಿನ ಕ್ಷೇತ್ರದಲ್ಲಿ ಅನುಭವ ಇದೆಯೇ ಎಂದು ಕೇಳಿದಳು.

“ಒಂದ್ಸಲ ರಿ” ಎಂದ ದುಂಡೇಶ.

ಮನೀಷಾ ಅದನ್ನು ಬರೆದುಕೊಂಡಳು. ಕೆಲಸ ಸಿಕ್ಕಿತು.

ಮಾರಬೇಕಾದದ್ದು ಸಾಮಾನ್ಯ ಬಿಯರಲ್ಲ. ಆರೋಗ್ಯದ ಕಾಳಜಿ ಇರುವ ಕ್ರೀಡಾಪಟುಗಳಿಗಾಗಿಯೇ ತಯಾರಿಸಿದ ಫಿಟ್‌ನೆಸ್ ಬಿಯರು. ಅದರಲ್ಲಿ ಆಲ್ಕೋಹಾಲ್ ಇಲ್ಲ, ಸಕ್ಕರೆ ಇಲ್ಲ, ಕೊಬ್ಬು ಇಲ್ಲ. ಜವೆಗೋಧಿ ಇದೆ, ಬೆವರಿನಲ್ಲಿ ಹೋದ ಲವಣಗಳಿವೆ, ನೊರೆ ಇದೆ. ಹಸಿರು ಡಬ್ಬಿಯ ಮೇಲೆ ಓಡುವ ಮನುಷ್ಯನ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಸ್ಟ್ಯಾಮಿನಾ ಝೀರೋ’ ಎಂಬ ಹೆಸರು. ಈ ಹೆಸರನ್ನು ಬೆಂಗಳೂರಿನಲ್ಲಿ ಹನ್ನೊಂದು ಜನ ಕುಳಿತು ಆರಿಸಿದ್ದರಂತೆ. ಪೈಲ್ವಾನರ ಸೀಮೆಯಿಂದ ಒಬ್ಬನನ್ನಾದರೂ ಕರೆದಿದ್ದರೆ ಚೆನ್ನಾಗಿತ್ತು.

ಮೊದಲ ಆರೇಳು ತಿಂಗಳು ಪುಕ್ಕಟೆ ಹಂಚಬೇಕು. ಯಾರು ಕುಡಿದರು ಎಂಬುದಕ್ಕೆ ಖಾಲಿ ಡಬ್ಬಿಗಳನ್ನು ವಾಪಸು ತಂದು ತೋರಿಸಬೇಕು. ಖಾಲಿ ಡಬ್ಬಿ ಹೆಚ್ಚಾದ ಊರಿನಲ್ಲಿ ಆಮೇಲೆ ಮಾರಾಟ ಶುರು, ಅಲ್ಲಿಯ ಹುಡುಗನ ನೌಕರಿ ಕಾಯಂ. ದುಂಡೇಶನಿಗೆ ಒಂದು ಜೊತೆ ಕಡು ಹಸಿರು ಬೂಟು, ಒಂದು ಟೋಪಿ, ಬಾಯಿಪಾಠ ಮಾಡಲು ನಾಲ್ಕು ವಾಕ್ಯ ಕೊಟ್ಟರು. ಮೊದಲ ವಾಕ್ಯ, “ನಮಸ್ಕಾರ, ನೀವು ನಿಮ್ಮ ದೇಹವನ್ನು ಪ್ರೀತಿಸುತ್ತೀರಾ?”

ರಾಯಬಾಗದ ಮೈದಾನದಲ್ಲಿ, ಬೆಳಗಿನ ಐದೂವರೆಗೆ, ಸೈನ್ಯದ ಭರ್ತಿಗಾಗಿ ಓಡುತ್ತಿದ್ದ ಒಬ್ಬ ಹುಡುಗನ ಎದುರು ನಿಂತು ದುಂಡೇಶ ಈ ವಾಕ್ಯವನ್ನು ಹೇಳಿದ. ಹುಡುಗ ಅವನ ಮುಖ ನೋಡಿದ, ಕುತ್ತಿಗೆ ನೋಡಿದ, ಬಂದ ದಾರಿಯಲ್ಲೇ ತಿರುಗಿ ಓಡಿದ. ಅವತ್ತು ಅವನು ಹದಿನಾರುನೂರು ಮೀಟರನ್ನು ಹಿಂದೆಂದೂ ಓಡದಷ್ಟು ಬೇಗ ಮುಗಿಸಿದ ಎಂದು ಅವನ ಗೆಳೆಯರು ಹೇಳಿದರು. ಉಳಿದವರು ಡಬ್ಬಿ ಮುಟ್ಟಲಿಲ್ಲ, ಮೆಡಿಕಲ್ಲಿನಲ್ಲಿ ಸಿಕ್ಕಿಬಿದ್ದರೆ ಎಂಬ ಹೆದರಿಕೆ. ಏನೂ ಇಲ್ಲದ್ದು ಹೇಗೆ ಸಿಕ್ಕಿಬೀಳುತ್ತದೆ ಎಂದು ದುಂಡೇಶ ಕೇಳಿದ. ಅವರು ಇನ್ನೊಂದು ಸುತ್ತು ಓಡಲು ಹೋದರು.

ಚಿಕ್ಕೋಡಿಯಲ್ಲಿ ಮುಂಜಾನೆ ವಾಕಿಂಗ್ ಮಾಡುವ ನಿವೃತ್ತ ಮಾಸ್ತರರೊಬ್ಬರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ಓದಿದರು.

“ನಶಾ ಏರತೈತೇನ್ರಿ?”

“ಇಲ್ರಿ ಸರ.”

“ಸಿಹಿ ಐತೇನು?”

“ಇಲ್ರಿ.”

“ಮತ್ತ ನಾ ಏನ ತಪ್ಪ ಮಾಡೇನಂತ ಇದನ್ನ ಕುಡೀಬೇಕ್ರಿ?”

ನಿಪ್ಪಾಣಿಯ ಜಿಮ್ಮಿನಲ್ಲಿ ಹುಡುಗರು ಖುಷಿಯಿಂದ ತೆಗೆದುಕೊಂಡರು. ತೆಗೆದುಕೊಂಡು ತಮ್ಮ ಶೇಕರ್ ಬಾಟಲಿಗೆ ಬಗ್ಗಿಸಿ, ಪ್ರೋಟೀನ್ ಪುಡಿ ಸುರಿದು ಮುಚ್ಚಳ ಹಾಕಿ ಅಲ್ಲಾಡಿಸಿದರು. ನೊರೆ ಕನ್ನಡಿಗೂ ಚಾವಣಿಗೂ ಹತ್ತಿತು. ಅಥಣಿಯಲ್ಲಿ ಸೈಕಲ್ ತುಳಿಯುವ ಡಾಕ್ಟರರ ಒಂದು ಗುಂಪು ಡಬ್ಬಿ ಹಿಡಿದು ಫೋಟೋ ತೆಗೆಸಿಕೊಂಡಿತು, ನಗುನಗುತ್ತ ಮಾತಾಡಿತು, ಆಮೇಲೆ ಪಕ್ಕದ ಹೋಟೆಲಿಗೆ ಹೋಗಿ ಎರಡೆರಡು ಚಮಚ ಸಕ್ಕರೆ ಹಾಕಿದ ಚಹಾ ಕುಡಿಯಿತು. ಕಾಗವಾಡದ ಒಬ್ಬ ಬಾರಿನ ಮಾಲೀಕ ಮಾತ್ರ ದುಂಡೇಶನನ್ನು ಕುಳ್ಳಿರಿಸಿ ಸಮಾಧಾನದಿಂದ ತಿಳಿಸಿ ಹೇಳಿದ.

“ಕುಡಿಯೋರಿಗೆ ಇದು ನೀರ. ಕುಡಿಯದವರಿಗೆ ಇದು ಬೀರ್. ಯಾರಿಗೆ ಮಾರತೀಯೋ ತಮ್ಮಾ ಇದನ್ನ?”

ದುಂಡೇಶ ಈ ಪ್ರಶ್ನೆಯನ್ನು ವಾರದ ವರದಿಯಲ್ಲಿ ಬರೆದು ಕಳಿಸಿದ. ‘ಒಳ್ಳೆಯ ಒಳನೋಟ’ ಎಂದು ಬೆಂಗಳೂರಿನಿಂದ ಉತ್ತರ ಬಂತು.

ಮನೆಯಲ್ಲಿ ಬಾಕ್ಸುಗಳು ಬೆಳೆದವು. ಜೋಳದ ಚೀಲಗಳ ಹಿಂದೆ, ಮಂಚದ ಕೆಳಗೆ, ದೇವರ ಕೋಣೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹಸಿರು ಡಬ್ಬಿ. ದ್ರೌಪದಿ ಅವುಗಳ ಮೇಲೆ ಹಳೆಯ ಸೀರೆ ಹೊದಿಸಿದಳು. ಓಣಿಯವರು ಹೊದಿಸಿದ್ದನ್ನೇ ಎತ್ತಿ ನೋಡಿದರು.

“ಊರ ಮಂದಿ ನನ್ನ ಕುಡುಕನ ಹೆಂಡ್ತಿ ಅನ್ನಾಕತ್ತಾರ” ಎಂದಳು ಅವಳು ರೊಟ್ಟಿ ಬಡಿಯುತ್ತ. “ಖರೇ ಕುಡದಿದ್ರ ಅನ್ನಿಸ್ಕೋತಿದ್ದೆ. ನಶಾನ ಇಲ್ಲದ್ದಕ್ಕ ಈ ಹೆಸರ ಯಾಕ ಬೇಕ್ರಿ?”

ಏಪ್ರಿಲ್ ತಿಂಗಳು ಬಂತು. ಖಾಲಿ ಡಬ್ಬಿಗಳ ಲೆಕ್ಕದಲ್ಲಿ ದುಂಡೇಶನ ಐದು ತಾಲೂಕು ಎಲ್ಲರಿಗಿಂತ ಕೆಳಗಿತ್ತು. ಮನೀಷಾ ಫೋನು ಮಾಡಿದಳು.

“ದುಂಡೇಶ ಸರ್, ನಿಮ್ಮ ಊರಾಗ ತಾಲೀಮ್ ಐತಿ. ನಲವತ್ತ ಪೈಲ್ವಾನರ! ನಿಮ್ಮ ಲಿಸ್ಟಿನ್ಯಾಗ ಅದರ ಹೆಸರ ಇಲ್ಲ. ಅಸಂ ಕಸಂ?”

ಇದು ಹೇಗೆ ಎಂದು ಅವಳು ಕೇಳಿದ್ದಕ್ಕೆ ದುಂಡೇಶ ಲೈನು ಸರಿಯಾಗಿ ಕೇಳಿಸುತ್ತಿಲ್ಲ ಎಂದ. ಒಂದು ವಾರ ಲೈನು ಸರಿಯಾಗಿ ಕೇಳಿಸಲಿಲ್ಲ. ಎಂಟನೆಯ ದಿನ ಬೇರೆ ದಾರಿ ಕಾಣದೆ ಮೋಟರ್ ಸೈಕಲ್ಲಿಗೆ ಐದು ಬಾಕ್ಸು ಕಟ್ಟಿಕೊಂಡು ತಾಲೀಮಿನ ಬಾಗಿಲಿಗೆ ಹೋದ. ಒಂದು ಬಾಟಲಿಗಾಗಿ ಹೊರಬಿದ್ದ ಮನುಷ್ಯ ನೂರಿಪ್ಪತ್ತು ಡಬ್ಬಿ ಹೊತ್ತು ಹೊಸ್ತಿಲ ಮುಂದೆ ನಿಂತ. ಕಾಲಲ್ಲಿ ಹಸಿರು ಬೂಟು ಇದ್ದವು.

ಹೊರಗೆ ಬಂದವನು ಮಾಳಸಿದ್ದ, ಹಿಂದೆ ದುಂಡೇಶನ ಜೋಡಿ ಪೈಲ್ವಾನ, ಈಗ ಹುಡುಗರಿಗೆ ಪಟ್ಟು ಹೇಳಿಕೊಡುವವನು. ಒಳಗೆ ಕಟ್ಟೆಯ ಮೇಲೆ ಲಗಮಣ್ಣ ಕುಳಿತಿದ್ದ. ಬಾಗಿಲಿಗೂ ಕಟ್ಟೆಗೂ ನಡುವೆ ಹತ್ತು ಹೆಜ್ಜೆ. ಬಾಗಿಲಲ್ಲಿ ಯಾರೂ ಇಲ್ಲವೇನೋ ಎಂಬಂತೆ ಮುದುಕ ಮಾಳಸಿದ್ದನನ್ನು ಕೇಳಿದ.

“ಏನಂತ?”

“ಬೀರ್ ತಂದಾನಂತ್ರಿ.”

ದಂಡ ಹೊಡೆಯುತ್ತಿದ್ದ ಹುಡುಗರೆಲ್ಲ ನಿಂತರು. ಮಾಳಸಿದ್ದ ಗಡಬಡಿಸಿ ಮುಂದುವರಿಸಿದ.

“ನಶಾ ಇಲ್ಲಂತ್ರಿ. ಸಕ್ಕರಿ ಇಲ್ಲಂತ್ರಿ. ಜಿಡ್ಡೂ ಇಲ್ಲಂತ್ರಿ.”

“ಹಂಗಂದ್ರ ಏನೈತಿ ಅದರಾಗ?”

ಮಾಳಸಿದ್ದ ದುಂಡೇಶನ ಮುಖ ನೋಡಿದ. ದುಂಡೇಶ ಸಣ್ಣ ದನಿಯಲ್ಲಿ ಹೇಳಿದ. ಮಾಳಸಿದ್ದ ದೊಡ್ಡ ದನಿಯಲ್ಲಿ ಹೇಳಿದ. “ಜವೆಗೋದಿ, ಉಪ್ಪಿನಂಶ ಅದಾವಂತ್ರಿ. ಬೆವರ ಹ್ವಾದ ಮ್ಯಾಲ ಮೈಗೆ ಬೇಕಾಗತಾವಂತ.”

“ಇಡ್ಸು” ಎಂದ ಲಗಮಣ್ಣ. “ಮೊದಲ ಮಣ್ಣಿಗೆ.”

ಇದು ಆ ತಾಲೀಮಿನ ರೂಢಿ. ಯಾರು ಏನೇ ಹೊಸ ಖುರಾಕು ತಂದು ಕೊಡಲಿ, ಅದು ಮೊದಲು ಅಖಾಡದ ಮಣ್ಣಿಗೆ ಬೀಳಬೇಕು. ಮೂರು ದಿನದಲ್ಲಿ ಮಣ್ಣು ನಾರದಿದ್ದರೆ, ಇರುವೆ ಮುತ್ತದಿದ್ದರೆ, ಆಮೇಲೆ ಪೈಲ್ವಾನರ ಬಾಯಿಗೆ. ಹಿಂದೊಮ್ಮೆ ಒಬ್ಬ ವ್ಯಾಪಾರಿ ಯಾವುದೋ ಶಕ್ತಿಪೇಯ ತಂದುಕೊಟ್ಟಿದ್ದ. ಸುತ್ತ ಸಕ್ಕರೆ ಕಾರ್ಖಾನೆಗಳಿರುವ ಸೀಮೆ, ಇರುವೆಗಳಿಗೆ ಏನು ಕಡಿಮೆ. ಒಂದೇ ದಿನಕ್ಕೆ ಅಖಾಡ ತುಂಬ ಕೆಂಜಿಗ. ನಾಲ್ಕು ದಿನ ಕುಸ್ತಿ ನಿಂತಿತು. ಆ ವ್ಯಾಪಾರಿ ಮತ್ತೆ ಐನಾಪುರದ ಕಡೆ ಸುಳಿಯಲಿಲ್ಲ.

ಸ್ಟ್ಯಾಮಿನಾ ಝೀರೋದಲ್ಲಿ ಸಕ್ಕರೆ ಇಲ್ಲ ಎಂದು ಕಂಪನಿ ಹೇಳಿದ್ದು ನಿಜ ಎಂದು ಐನಾಪುರದ ಇರುವೆಗಳು ಮೂರು ದಿನದಲ್ಲಿ ಖಾತ್ರಿ ಮಾಡಿದವು. ಒಂದು ಇರುವೆಯೂ ಬರಲಿಲ್ಲ. ಬೇಸಿಗೆಗೆ ಬಿರುಸಾಗಿದ್ದ ಮಣ್ಣು ಮೆತ್ತಗಾಯಿತು. ನಾಲ್ಕನೆಯ ದಿನ ಮಾಳಸಿದ್ದ ಚಹಾದಂಗಡಿಗೆ ಬಂದು, “ಇನ್ನ ಹತ್ತ ಬಾಕ್ಸ ಬೇಕಂತೋ ದುಂಡ್ಯಾ” ಎಂದ.

ದುಂಡೇಶನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮಣ್ಣು ಒಪ್ಪಿದೆ, ಇನ್ನು ಪೈಲ್ವಾನರು ಕುಡಿಯುತ್ತಾರೆ ಎಂದುಕೊಂಡ. ಅಲ್ಲಿ ಬೆಳೆದವನಲ್ಲವೇ, ರೂಢಿ ಗೊತ್ತಿದ್ದವನು ಹಾಗೇ ಅಂದುಕೊಳ್ಳಬೇಕು. ಹತ್ತು ಬಾಕ್ಸು ಮುಗಿದು ಇಪ್ಪತ್ತಾಯಿತು. ವಾರವಾರ ಹೊಸ್ತಿಲ ಮೇಲೆ ಖಾಲಿ ಡಬ್ಬಿಗಳ ಚೀಲ ತಪ್ಪದೆ ಇರುತ್ತಿತ್ತು. ಹಿಡಿಯ ಬಲಕ್ಕೆಂದು ಹುಡುಗರು ಪ್ರತಿ ಡಬ್ಬಿಯನ್ನೂ ಒಂದೇ ಕೈಯಲ್ಲಿ ಹಿಂಡಿ ಚಪ್ಪಟೆ ಮಾಡಿರುತ್ತಿದ್ದರು. ಅದರ ಫೋಟೋ ನೋಡಿ ಬೆಂಗಳೂರಿನವರು ಹುಚ್ಚಾದರು. ಜುಲೈಗೆ ದುಂಡೇಶನ ಸೀಮೆ ಎಲ್ಲರಿಗಿಂತ ಮೇಲೆ ಬಂತು. ನಲವತ್ತು ಜನ ದೇಸಿ ಕ್ರೀಡಾಪಟುಗಳು ದಿನವೂ ಬಿಯರು ಕುಡಿಯುವ ಜಗತ್ತಿನ ಏಕೈಕ ಗರಡಿ ಎಂದು ಒಂದು ವರದಿಯೂ ತಯಾರಾಯಿತು. ತಾನು ತಂದುಕೊಟ್ಟದ್ದನ್ನು ಲಗಮಣ್ಣ ಒಪ್ಪಿಕೊಂಡಿದ್ದಾನೆ ಎಂಬ ಸುಖದಲ್ಲಿ ದುಂಡೇಶ ಎರಡು ಕಿಲೋ ತೂಕ ಹೆಚ್ಚಾದ.

ಆಗಸ್ಟಿನ ಒಂದು ಬೆಳಿಗ್ಗೆ ಅವನು ಎಂದಿಗಿಂತ ಬೇಗ ಬಾಕ್ಸು ತಂದ. ಬಾಗಿಲು ತೆರೆದಿತ್ತು. ಒಳಗಿಂದ ಚುಸ್ ಚುಸ್ ಎಂದು ಒಂದರ ಹಿಂದೊಂದು ಡಬ್ಬಿ ತೆರೆಯುವ ಸದ್ದು. ಹೊಸ್ತಿಲಲ್ಲಿ ನಿಂತು ಇಣುಕಿದ. ಮಾಳಸಿದ್ದ ಅಖಾಡದ ನಡುವೆ ನಿಂತು, ಡಬ್ಬಿ ತೆರೆದು ತೆರೆದು ಮಣ್ಣಿಗೆ ಸುರಿಯುತ್ತಿದ್ದ. ಇಬ್ಬರು ಹಿಂದಿನಿಂದ ಸಲಿಕೆಯಲ್ಲಿ ತಿರುವುತ್ತಿದ್ದರು. ಮೂಲೆಯಲ್ಲಿ ಪೈಲ್ವಾನರು ಸಾಲಾಗಿ ಕುಳಿತು ಬಾದಾಮಿ ಹಾಲು ಕುಡಿಯುತ್ತಿದ್ದರು.

ದುಂಡೇಶ ಮಾಳಸಿದ್ದನನ್ನು ಹೊರಗೆ ಕರೆದ.

“ಅಷ್ಟೂ ಮಣ್ಣಿಗೆ ಹಾಕಾಕತ್ತೀರೇನೋ?”

“ಮತ್ತ? ಮೈಗೆ ಹಾಲ ಐತಿ, ಇದು ಯಾಕ ಅಂದ್ರು ವಸ್ತಾದರ. ಮಣ್ಣಿಗೆ ಮಜ್ಜಿಗಿ ಸಾಲಂಗಿಲ್ಲ. ಇದು ಛಲೋ ಹಿಡಸೇತಿ.”

“ಒಬ್ರೂ ಕುಡದಿಲ್ಲ?”

ಮಾಳಸಿದ್ದ ಯೋಚಿಸಿದ. “ನಾ ಒಂದ ಹನಿ ನಾಲಿಗಿ ಮ್ಯಾಲ ಇಟ್ಟಿದ್ದೆ. ಮಣ್ಣಿಗೇ ಛಲೋ ಅನ್ನಿಸ್ತು.”

ಅವತ್ತೇ ಮನೀಷಾಳಿಗೆ ಫೋನು ಮಾಡಿ ಇದ್ದದ್ದನ್ನು ಹೇಳಬೇಕಿತ್ತು. ದುಂಡೇಶ ಫೋನು ಕೈಗೆತ್ತಿಕೊಂಡ, ಹೆಸರು ಹುಡುಕಿದ, ಮತ್ತೆ ಕಿಸೆಗೆ ಹಾಕಿಕೊಂಡ. ಹೇಳಿದರೆ ಬಾಕ್ಸು ನಿಲ್ಲುತ್ತವೆ. ಬಾಕ್ಸು ನಿಂತರೆ ಆ ಹೊಸ್ತಿಲಿಗೆ ಹೋಗಲು ಅವನಿಗೆ ಕಾರಣ ಉಳಿಯುವುದಿಲ್ಲ. ಅವನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ. ಎಷ್ಟು ಡಬ್ಬಿ ಖಾಲಿಯಾದವು ಎಂದು ಕಂಪನಿ ಕೇಳುತ್ತಿತ್ತು, ಅಷ್ಟು ಡಬ್ಬಿ ಖಾಲಿಯಾಗಿದ್ದೇ ನಿಜ. ಹೀಗೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡರೂ ತಿಂದದ್ದು ಮೈಗೆ ಹತ್ತಲಿಲ್ಲ. ಹೆಚ್ಚಾಗಿದ್ದ ಎರಡು ಕಿಲೋ ಇಳಿದುಹೋಯಿತು.

ಅಕ್ಟೋಬರಿನಲ್ಲಿ ಮನೀಷಾ ಸಂತೋಷದ ಸುದ್ದಿ ಕೊಟ್ಟಳು. ತಾಲೀಮಿನ ಪೈಲ್ವಾನರ ಮೇಲೆ ಕಂಪನಿ ಒಂದು ವೀಡಿಯೋ ಮಾಡಲಿದೆ. ಹಳಬರು ಹೊಸಬರು ಎಲ್ಲ ಸೇರುವ ದಿನ ಯಾವುದು ಎಂದು ಊರವರನ್ನು ಅವಳೇ ವಿಚಾರಿಸಿದ್ದಾಳೆ. ಸೀಗಿಹುಣ್ಣಿಮೆಯ ಮೇಲಿನ ಭಾನುವಾರ.

“ವೀಡಿಯೋ ಆತಂದ್ರ ನಿಮ್ಮ ನೌಕರಿ ಪರ್ಮನಂಟ್, ಸರ್” ಎಂದಳು. ಅವಳು ಒಳ್ಳೆಯವಳು, ನಿಜವಾಗಿ ಖುಷಿಪಟ್ಟಿದ್ದಳು.

ಆ ಭಾನುವಾರ ತಾಲೀಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಅಖಾಡದ ಸುತ್ತ ಮೂರು ತಲೆಮಾರಿನ ಪೈಲ್ವಾನರು ಸಲಿಕೆ ಹಿಡಿದು ನಿಂತಿದ್ದರು. ಮನೀಷಾ ಮತ್ತು ಕ್ಯಾಮೆರಾದವನು ಬಾಗಿಲ ಹೊರಗೇ ನಿಂತರು, ಅವರ ಪಕ್ಕದಲ್ಲಿ ಹಸಿರು ಬೂಟಿನ ದುಂಡೇಶ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಆ ದಿನ ಚಹಾದಂಗಡಿ ಬಿಟ್ಟು ಇಷ್ಟು ಹತ್ತಿರ ಬಂದಿದ್ದ.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಮನೀಷಾ ಬಾಗಿಲಿನಿಂದಲೇ ಕೈ ಮುಗಿದು ದನಿ ಎತ್ತರಿಸಿ ಕೇಳಿದಳು.

“ನಮಸ್ಕಾರ್ರಿ ವಸ್ತಾದರ. ನಿಮ್ಮ ಪೈಲ್ವಾನರ ದಿನಾ ಇದನ್ನ ಕುಡದಽ ತಾಕತ್ತ ಗಳಿಸ್ಯಾರ, ಹೌದಲ್ರಿ?”

ಲಗಮಣ್ಣ ಕಟ್ಟೆಯ ಮೇಲಿಂದ ನಿಧಾನಕ್ಕೆ ತಲೆ ತಿರುಗಿಸಿ ಬಾಗಿಲ ಕಡೆ ನೋಡಿದ. ಈ ಸಲ ಗೋಡೆಯನ್ನು ನೋಡಲಿಲ್ಲ, ದುಂಡೇಶನ ಮುಖವನ್ನೇ ನೋಡಿದ.

“ಮಾಳಸಿದ್ದ” ಎಂದ. “ತಂದಾವ್ನ ಕೇಳು. ಕುಡದಾರೇನಂತ.”

ಮಾಳಸಿದ್ದ ಅಖಾಡ ಸುತ್ತಿಕೊಂಡು ಹೊಸ್ತಿಲಿಗೆ ಬಂದು ನಿಂತ. ಎದುರಿಗೇ ಇದ್ದ ದುಂಡೇಶನಿಗೆ, ಅವನು ಕೇಳಿಸಿಕೊಂಡಿಲ್ಲವೇನೋ ಎಂಬಂತೆ, ಮತ್ತೆ ಕೇಳಿದ.

“ಕುಡದಾರೇನೋ?”

ಹೌದು ಎಂದರೆ ಆಯಿತು. ಕ್ಯಾಮೆರಾ ಕಾಯುತ್ತಿತ್ತು, ಮನೀಷಾ ನಗುಮುಖದಿಂದ ಕಾಯುತ್ತಿದ್ದಳು, ಕಾಯಂ ನೌಕರಿ ಕಾಯುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಇದೇ ಬಾಗಿಲೊಳಗೆ ಇದೇ ಪ್ರಶ್ನೆಗೆ ಅವನು ಬಾಯಿ ತೆರೆದಾಗ ಹೊರಬಂದದ್ದು ಲಿಂಬು ಸೋಡಾ. ದುಂಡೇಶ ಕಂಪನಿಯ ಟೋಪಿ ತೆಗೆದ.

“ಇಲ್ರಿ” ಎಂದ. “ಯಾರೂ ಕುಡದಿಲ್ಲ. ಮಾಳಸಿದ್ದ ಒಂದ ಹನಿ ನೆಕ್ಕ್ಯಾನ, ಅಷ್ಟ. ಉಳಿದದ್ದು ಅಷ್ಟೂ ಮಣ್ಣಿಗೆ ಹಾಕ್ಯಾರ. ಅದು ನನಗ ಎರಡ ತಿಂಗಳಿಂದ ಗೊತ್ತೈತಿ. ಗೊತ್ತಿದ್ದೂ ಮೇಡಮ್ಮರಿಗೆ ಹೇಳಲಿಲ್ಲ.”

ಮನೀಷಾಳ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು. ಕ್ಯಾಮೆರಾ ಇಳಿಸುವಂತೆ ಅವಳು ಕೈ ಸನ್ನೆ ಮಾಡಿದಳು.

“ಇದು ಫೋನ್ದಾಗ ಹೇಳೂ ಮಾತಿತ್ತಲ್ರಿ ಸರ್” ಎಂದಳು ಮೆಲ್ಲಗೆ.

“ಹೌದ್ರಿ ಮೇಡಮ್ಮರ. ತಪ್ಪಾತ್ರಿ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಯಾರೂ ಮುಂದೆ ಕೇಳಿರಲಿಲ್ಲ. ಆದರೆ ಒಮ್ಮೆ ತೆರೆದ ಬಾಯಿ ಮುಚ್ಚಲಿಲ್ಲ. ದುಂಡೇಶ ಮಾಳಸಿದ್ದನ ಹೆಗಲ ಮೇಲಿಂದ ನೇರ ಕಟ್ಟೆಗೆ ಕೇಳುವಂತೆ ಹೇಳಿದ.

“ವಸ್ತಾದರ, ಅವತ್ತ ನಾ ಕುಡದಿದ್ದೆ ರಿ. ಮಿರಜದಾಗ. ಲಿಂಬು ಸೋಡಾ ಅಲ್ಲ. ಒಂದ ಬಾಟ್ಲಿ ಬೀರ್.”

ಲಗಮಣ್ಣ ಮಾಳಸಿದ್ದನ ಕಡೆ ತಿರುಗಲಿಲ್ಲ.

“ಒಂದ?” ಎಂದು ಕೇಳಿದ.

ಹನ್ನೆರಡು ವರ್ಷದ ಮೇಲೆ ದುಂಡೇಶನಿಗೇ ಆಡಿದ ಮೊದಲ ಮಾತು ಅದು. ಅದನ್ನು ಕೇಳಿ ಅವನ ಕಣ್ಣಲ್ಲಿ ನೀರು ಬಂತು. ಅವನು ಒರೆಸಿಕೊಳ್ಳಲಿಲ್ಲ.

“ಒಂದೂವರಿ ರಿ” ಎಂದ.

ಮುದುಕ ತಲೆಯಾಡಿಸಿದ. ಈ ಅರ್ಧ ಬಾಟಲಿಯ ವಿಷಯ ಅವನಿಗೆ ಮೊದಲಿನಿಂದಲೂ ಗೊತ್ತಿತ್ತೋ ಇಲ್ಲವೋ, ಅವನ ಮುಖ ನೋಡಿ ಹೇಳುವಂತಿರಲಿಲ್ಲ.

“ಬೀರಿಗೆ ನಿನ್ನ ಹೊರಗ ಹಾಕಿಲ್ಲೋ ಮಗನ” ಎಂದ. “ಬೀರ್ ಕುಡದವರ ಇಲ್ಲೇ ಎಂಟ ಹತ್ತ ಮಂದಿ ನಿಂತಾರ. ಕೇಳಿದಾಗ ಹೌದಂದ್ರು, ನೂರ ನೂರ ಬೈಠಕ್ ಹೊಡದ್ರು, ಮುಗೀತು. ನೀ ಇಲ್ಲ ಅಂದಿ. ಮಣ್ಣಿನ ಮ್ಯಾಲ ನಿಂತ ಇಲ್ಲ ಅಂದಿ.”

ಸಲಿಕೆ ಹಿಡಿದಿದ್ದವರಲ್ಲಿ ಎಂಟು ಹತ್ತು ಮಂದಿ ತಮ್ಮ ಕಾಲ ಬೆರಳು ನೋಡಿಕೊಂಡರು. ದುಂಡೇಶ ಬಾಗಿಲ ಚೌಕಟ್ಟು ಹಿಡಿದು ನಿಂತ. ನೂರು ಬೈಠಕ್ ಎಂದರೆ ಅವನಿಗೆ ಆಗ ಹತ್ತು ನಿಮಿಷದ ಕೆಲಸ. ಅದನ್ನು ಉಳಿಸಿಕೊಳ್ಳಲು ಹೋಗಿ ಹನ್ನೆರಡು ವರ್ಷ ಚಹಾದಂಗಡಿಯಲ್ಲಿ ನಿಂತಿದ್ದ.

ಲಗಮಣ್ಣ ಕಟ್ಟೆಗೆ ಒರಗಿಸಿದ್ದ ತನ್ನ ಸಲಿಕೆಯನ್ನು ತೆಗೆದು ಮಾಳಸಿದ್ದನ ಕಡೆ ಚಾಚಿದ. ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು.

“ಕಾಲಮರಿ ಕಳಿ” ಎಂದ.

ಕಂಪನಿಯ ಬೂಟಿಗೆ ಲೇಸುಗಳಿದ್ದವು, ದುಂಡೇಶ ಅವಕ್ಕೆ ಎರಡೆರಡು ಗಂಟು ಹಾಕುತ್ತಿದ್ದ. ಎಷ್ಟು ಎಳೆದರೂ ಗಂಟು ಬಿಚ್ಚಲಿಲ್ಲ. ಎಲ್ಲರೂ ಸಲಿಕೆ ಊರಿ ಕಾದರು. ಕೊನೆಗೆ ಮನೀಷಾ ತನ್ನ ಚೀಲ ಕ್ಯಾಮೆರಾದವನ ಕೈಗೆ ಕೊಟ್ಟು, ಕುಕ್ಕರಗಾಲಲ್ಲಿ ಕುಳಿತು, ಒಂದು ಬೂಟಿನ ಗಂಟು ಬಿಚ್ಚಿಕೊಟ್ಟಳು.

“ಲಗೂನ ಬಾ, ಬಿಸಲ ಏರಾಕತ್ತೇತಿ” ಎಂದ ಲಗಮಣ್ಣ ಒಳಗಿನಿಂದ.

ದುಂಡೇಶ ಹಸಿರು ಬೂಟನ್ನು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಜೋಡಿಸಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದ. ಮಾಳಸಿದ್ದ ಸಲಿಕೆ ಕೊಟ್ಟ. ಪಾದದ ಕೆಳಗೆ ಮಣ್ಣು ಮೆತ್ತಗೆ, ತಣ್ಣಗೆ ಇತ್ತು. ಅವನು ಬಗ್ಗಿ ಒಂದು ಸಲಿಕೆ ತಿರುವಿದ. ಅರಿಶಿಣ, ಎಳ್ಳೆಣ್ಣೆ, ಮಜ್ಜಿಗೆಗಳ ಜೊತೆಗೆ ಬಿಯರಿನ ವಾಸನೆಯೂ ಬಂತು.